ಪಿಟೀಲಿನ ಸರದಿ

ನಮ್ಮ ಪಿಟೀಲು ಮಿಸ್ ಅವರ ಬಲಗಾಲಿನ ಗಿಣ್ಣಿನ ಹತ್ತಿರ ಹುಣಸೇಬೀಜದಷ್ಟು ದೊಡ್ಡ ಜಡ್ಡು ಒಂದಿತ್ತು, ಬಣ್ಣವೂ ಹುಣಸೇಬೀಜದ್ದೇ. ನೆಲದ ಮೇಲೆ ಕುಳಿತು, ಬಲಗಾಲನ್ನು ಮುಂದೆ ಮಾಡಿ, ಪಿಟೀಲಿನ ತಲೆಯನ್ನು ಆ ಗಿಣ್ಣಿಗೆ ಊರಿ ಜೀವಮಾನವೆಲ್ಲ ಬಾರಿಸಿದ್ದರ ಗುರುತು ಅದು. ಕೈ ನವೆಯೆಂದು ತೋರಿಸಲು ಹೋದಾಗ ಚಿಂತಾಮಣಿಯ ಡಾಕ್ಟರೊಬ್ಬರು ಆ ಜಡ್ಡನ್ನು ಒತ್ತಿ ನೋಡಿ, "ಐದು ನಿಮಿಷದ ಕೆಲಸ ಅಮ್ಮ, ಕತ್ತರಿಸಿ ತೆಗೆದುಬಿಡ್ತೀನಿ" ಅಂದರಂತೆ. ಮಿಸ್ ಕಾಲು ಹಿಂದಕ್ಕೆ ಎಳೆದುಕೊಂಡು, "ನಾನು ತೋರ್ಸೋಕೆ ಬಂದಿದ್ದು ಕೈಯನ್ನ. ಕಂಡಿದ್ದನ್ನೆಲ್ಲ ಕತ್ತರಿಸೋಕೆ ನಿಮಗೇನ್ರಿ ಅಷ್ಟು ಅವಸರ?" ಎಂದು ಎದ್ದು ಬಂದಿದ್ದರು. ನವೆಗೆ ಔಷಧಿಯನ್ನೂ ತರಲಿಲ್ಲ.

ಅವರು ತೀರಿಕೊಂಡ ಸುದ್ದಿ ಕೇಳಿ ನನಗೆ ಫೋನ್ ಮಾಡಿದವರೆಲ್ಲ ಹೇಳಿದ್ದು ಒಂದೇ ಮಾತು: "ಒಳ್ಳೇವ್ರೇ ಪಾಪ, ಸ್ವಲ್ಪ ಕೋಪ ಜಾಸ್ತಿ." ಸಂಗೀತ ಸಭೆಯವರು ಹೇಳಿದರು, ಪಕ್ಕದ ಮನೆಯವರು ಹೇಳಿದರು, ಅವರ ಹತ್ತಿರ ನಾಲ್ಕು ದಿನ ಕಲಿತು ಓಡಿಹೋದವರೂ ಹೇಳಿದರು. ಕೇಳಿ ಕೇಳಿ ನನ್ನ ತಲೆ ಕೆಟ್ಟುಹೋಗಿದೆ. ಆ ಕೋಪ ಯಾರ ಮೇಲೆ, ಯಾತಕ್ಕೆ ಎಂದು ಒಬ್ಬರಾದರೂ ಕೇಳಬೇಕಲ್ಲ? ಮೂಗು, ಕಣ್ಣು ಬಂದ ಹಾಗೆ ಕೋಪವೂ ಅವರಿಗೆ ಹುಟ್ಟಿನಿಂದಲೇ ಬಂತೆಂದು ಊರಿಗೆ ಊರೇ ನಂಬಿಕೊಂಡು ಆರಾಮಾಗಿದೆ. ನನಗೆ ಆರಾಮಿಲ್ಲ. ಸಿಹಿಯಾದ ನೆನಪು ಬೇಕಾದವರು ಬೇರೆ ಯಾರದಾದರೂ ಬರಹ ಓದಿಕೊಳ್ಳಲಿ.

ಮಿಸ್ ಕೆಂಚಾರ್ಲಹಳ್ಳಿ ಕಡೆಯವರು. ರಾಗಿ ಹೊಲ, ಹಿಪ್ಪುನೇರಳೆ ತೋಟ ಇದ್ದ ದೊಡ್ಡ ಮನೆತನ. ಮನೆಯ ಭಜನೆಗೆ ಒತ್ತಾಸೆಯಾಗಲಿ ಎಂದು ತಾತ ಪಿಟೀಲು ಕೊಡಿಸಿದರಂತೆ. ಮೊಮ್ಮಗಳು ಭಜನೆ ದಾಟಿ ಕಛೇರಿಗೆ ಕಾಲಿಟ್ಟಾಗ ಅದೇ ತಾತ ಮೂರು ತಿಂಗಳು ಮಾತು ಬಿಟ್ಟರಂತೆ. ಮಿಸ್ ಚಿಂತಾಮಣಿಯ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿದ್ದರು. ಬೆಳಿಗ್ಗೆ, ಸಂಜೆ ಮನೆಯ ನಡುಮನೆಯಲ್ಲಿ ಪಿಟೀಲಿನ ಪಾಠ. ಮದುವೆಯಾಗಲಿಲ್ಲ. ಯಾಕೆಂದು ಕೇಳಿದವರಿಗೆ, "ಗಣಿತಕ್ಕೂ ಪಿಟೀಲಿಗೂ ಮಧ್ಯೆ ಜಾಗ ಉಳೀಲಿಲ್ಲ" ಅನ್ನುತ್ತಿದ್ದರು. ನಾನು ಹಿಂದಿನ ಬೀದಿಯ ಹುಡುಗಿ. ವರ್ಷಗಟ್ಟಲೆ ಕಲಿತರೂ ನನ್ನ ಕೈಗೆ ಪಿಟೀಲು ಹತ್ತಲಿಲ್ಲ. ಈಗ ಚಿಕ್ಕಬಳ್ಳಾಪುರದ ಕಾಲೇಜೊಂದರಲ್ಲಿ ಭೌತಶಾಸ್ತ್ರ ಪಾಠ ಮಾಡುತ್ತೇನೆ. ಆದರೂ ಮಿಸ್ ನನ್ನನ್ನು ಬಿಡಲಿಲ್ಲ. "ಬಾರಿಸೋಕೆ ಬರದಿದ್ರೆ ಬೇಡ, ಕೇಳೋಕಾದ್ರೂ ಕಲಿ" ಎಂದು ಭಾನುವಾರ ಮಧ್ಯಾಹ್ನ ಕೂರಿಸಿಕೊಳ್ಳುತ್ತಿದ್ದರು.

ಭಾನುವಾರದ ಪಾಠ ಹೀಗಿರುತ್ತಿತ್ತು. ಒಂದೇ ರಾಗ, ಎರಡು ಕ್ಯಾಸೆಟ್. ಎರಡನ್ನೂ ಪೂರ್ತಿ ಕೇಳಿಸಿ, "ಒಂದನ್ನ ಇಟ್ಕೋ, ಇನ್ನೊಂದನ್ನ ಬಿಸಾಕು" ಅನ್ನುತ್ತಿದ್ದರು. ಎರಡೂ ಇರಲಿ ಅನ್ನುವ ಹಾಗಿಲ್ಲ.

"ಎರಡೂ ಚೆನ್ನಾಗಿದೆ ಮಿಸ್."

"ಚೆನ್ನಾಗಿದೆ ಅನ್ನೋ ಮಾತನ್ನ ಉಪ್ಪಿಟ್ಟಿಗೆ ಇಟ್ಕೋ. ಯಾವುದು ಬೇಕು ಹೇಳು."

"ಇದು."

"ಎಂದುಕು?"

ತಾಳ್ಮೆ ತಪ್ಪಿದಾಗ ಅವರಿಗೆ ತೆಲುಗು ಬರುತ್ತಿತ್ತು. ಯಾಕೆ ಅನ್ನುವ ಆ ಪ್ರಶ್ನೆ ಬಂದರೆ ನಾನು ಕ್ಯಾಸೆಟ್ಟಿನ ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದೆ. ಒಮ್ಮೆ ಧೈರ್ಯ ಮಾಡಿ, "ಇದು ಕ್ಲಿಯರ್ ಆಗಿದೆ ಮಿಸ್. ಅದರಲ್ಲಿ ಯಾರೋ ಕೆಮ್ತಾರೆ, ಮಗು ಅಳುತ್ತೆ" ಅಂದೆ. ಮಿಸ್ ನನ್ನ ಮುಖವನ್ನೇ ನೋಡಿದರು. "ಗುಡಿಸಿ ಸಾರಿಸಿದ ಮನೆ ಕಂಡ್ರೆ ಅಲ್ಲೇ ಇದ್ದುಬಿಡ್ತೀಯಾ? ಒಳಗೆ ಯಾರಿದಾರೆ ನೋಡಲ್ವಾ?" ಅಂದರು.

ಆಮೇಲೆ ಹೇಳಿಕೊಟ್ಟರು. ಕಛೇರಿಯಲ್ಲಿ ಹಾಡುವವರು ಒಂದು ರಾಗವನ್ನು ವಿಸ್ತಾರವಾಗಿ ಹಾಡಿ ನಿಲ್ಲಿಸುತ್ತಾರೆ. ಆಗ ಪಿಟೀಲಿನ ಸರದಿ. ಪಿಟೀಲು ಒಂದೇ, ಬೇರೆ ಯಾರೂ ಇಲ್ಲ. ಅದೇ ರಾಗವನ್ನು ತನ್ನ ದಾರಿಯಲ್ಲಿ ಬಿಡಿಸಿ ತೋರಿಸಬೇಕು. ಅದು ಮುಗಿದ ಮೇಲೆ ಕೃತಿ ಶುರು. ಇದು ಪದ್ಧತಿ. "ಆದ್ದರಿಂದ ಹಾಡೋರು ನಿಲ್ಲಿಸಿದ ಮೇಲೆ ಏನಾಗುತ್ತೆ, ಅದನ್ನ ಕೇಳು ಮೊದಲು" ಅಂದು ನಾನು ಆರಿಸಿದ್ದ ಆ ಸ್ವಚ್ಛವಾದ ಕ್ಯಾಸೆಟ್ಟನ್ನು ಮತ್ತೆ ಹಾಕಿದರು. ಹಾಡುಗಾರರು ರಾಗ ಮುಗಿಸಿದರು. ಒಂದು ಉಸಿರೆಳೆಯುವಷ್ಟರಲ್ಲಿ ಕೃತಿ ಶುರುವಾಯಿತು.

"ಇಲ್ಲೊಬ್ಬರು ಮನುಷ್ಯರಿದ್ರು ಕಣೇ. ಎಲ್ಲಿ ಹೋದ್ರು?" ಎಂದು ಮಿಸ್ ಕ್ಯಾಸೆಟ್ಟನ್ನು ಹೊರಗೆ ತೆಗೆದು ದಿಂಬಿನ ಮೇಲೆ ಎಸೆದರು.

ನನಗೆ ಅರ್ಥವಾಗಲಿಲ್ಲ. ಅರ್ಥವಾದದ್ದು ಕಾಲೇಜು ಸೇರಿದ ಮೇಲೆ, ಒಂದು ಮಧ್ಯಾಹ್ನ ಅವರೊಂದಿಗೆ ಕುಳಿತು ಅವರೆಕಾಯಿ ಬಿಡಿಸುವಾಗ. ಮಿಸ್ ತಲೆ ಎತ್ತದೆ ಹೇಳಿದರು.

"ಆಗ ಕಛೇರಿ ಅಂದ್ರೆ ಮುಂದಿನ ಸಾಲಲ್ಲಿ ಟೇಪ್ ರೆಕಾರ್ಡರ್ ಜೋಡಿಸಿ ಇಟ್ಟಿರೋರು. ಒಬ್ಬೊಬ್ಬರದ್ದು ಒಂದೊಂದು. ವಿದ್ವಾಂಸರು ಹಾಡೋವಾಗ ಎಲ್ಲಾರ ಕಣ್ಣು ಮುಚ್ಚಿರೋದು. ಅವರು ನಿಲ್ಲಿಸಿ ನನ್ನ ಕಡೆ ತಿರುಗೋರು. ನಾನು ಕಮಾನು ಎತ್ತೋಳು. ಅಷ್ಟು ಹೊತ್ತಿಗೆ ಸರಿಯಾಗಿ ಮುಂದಿನ ಸಾಲಿಂದ ಸದ್ದು. ಟಕ್. ಟಕ್. ಟಕ್."

"ಏನು ಮಿಸ್ ಅದು?"

"ಟೇಪು ನಿಲ್ಲಿಸೋ ಗುಂಡಿ. ಕ್ಯಾಸೆಟ್ಟು ಉಳಿಸ್ತಾ ಇದ್ರು. ಪಿಟೀಲಿಗೆ ಯಾಕೆ ಸುಮ್ನೆ ಟೇಪು ಓಡಿಸೋದು ಅಂತ. ನಾನು ಮುಗಿಸ್ತಿದ್ದ ಹಾಗೇ ಮತ್ತೆ ಟಕ್ ಟಕ್. ಚಪ್ಪಾಳೆ ತಟ್ಟೋಕೆ ಕೈ ಖಾಲಿ ಇರ್ತಿರ್ಲಿಲ್ಲ ಅವರಿಗೆ."

ನನ್ನ ಕೈಯಲ್ಲಿದ್ದ ಅವರೆಕಾಯಿ ಕೈಯಲ್ಲೇ ಉಳಿಯಿತು. ಆವತ್ತು ನನಗೆ ಬಂದ ಸಿಟ್ಟು ಇವತ್ತಿಗೂ ಇಳಿದಿಲ್ಲ. ಕದ್ದವರಾದರೂ ಕಣ್ಣು ತಪ್ಪಿಸಿ ಕದಿಯುತ್ತಾರೆ. ಇವರು ಆಕೆ ನೋಡನೋಡುತ್ತಿದ್ದಂತೆ, ಕಿವಿಗೆ ಕೇಳುವ ಹಾಗೆ, ಆಕೆಯನ್ನು ತೆಗೆದುಹಾಕುತ್ತಿದ್ದರು. ಅವರಲ್ಲಿ ಒಬ್ಬರಿಗೂ ಇದು ತಪ್ಪೆಂದು ಹೊಳೆದಿರಲಿಕ್ಕಿಲ್ಲ. ಎಲ್ಲ ಒಳ್ಳೆಯ ಮನೆತನದವರು, ರಾಮನವಮಿಗೆ ಪಾನಕ ಕೋಸಂಬರಿ ಹಂಚುವವರು, ಮಿಸ್‌ಗೆ ಕೈ ಮುಗಿಯುವವರು.

ಮಿಸ್ ಸುಮ್ಮನಿದ್ದವರಲ್ಲ. ಒಂದು ಉಪಾಯ ಮಾಡಿದ್ದರು. ವಿದ್ವಾಂಸರ ಕೊನೆಯ ಸ್ವರ ಇನ್ನೂ ನಿಂತಿರುವಾಗಲೇ ಅದೇ ಸ್ವರದಲ್ಲಿ ಕಮಾನು ಎಳೆದುಬಿಡುತ್ತಿದ್ದರು. ಗುಂಡಿಯ ಮೇಲಿನ ಬೆರಳುಗಳಿಗೆ ಗೊತ್ತಾಗುವಷ್ಟರಲ್ಲಿ ಒಂದು ಚೂರು ಪಿಟೀಲು ಎಲ್ಲರ ಟೇಪಿಗೂ ಹೋಗಿಬಿಡುತ್ತಿತ್ತು. "ಅವರ ಪಂಚೆ ಚುಂಗು ಹಿಡ್ಕೊಂಡು ಒಳಗೆ ನುಗ್ತಿದ್ದೆ ಕಣೇ" ಎಂದು ಹೇಳಿ ನಕ್ಕರು. ಆಮೇಲೆ ನಗು ನಿಲ್ಲಿಸಿ, "ಅದಕ್ಕೂ ಬೈಸಿಕೊಂಡೆ" ಅಂದರು.

ಬೈದವರು ಆ ವಿದ್ವಾಂಸರು. ನಮ್ಮ ಸುತ್ತಲಿನ ನಾಲ್ಕು ತಾಲ್ಲೂಕುಗಳಲ್ಲಿ ಅವರ ಹೆಸರು ಕೇಳದವರಿಲ್ಲ. ಗೌರಿಬಿದನೂರಾಗಲಿ, ಶಿಡ್ಲಘಟ್ಟವಾಗಲಿ, ಅವರ ಕಛೇರಿಯೆಂದರೆ ಪಿಟೀಲಿಗೆ ನಮ್ಮ ಮಿಸ್ಸೇ. ದೊಡ್ಡ ಕಂಠ, ದೊಡ್ಡ ವಿದ್ವತ್ತು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಅವರ ಭೈರವಿ ರಾಗ ಕೇಳಿದರೆ ನನಗೂ ಮೈ ಜುಮ್ಮೆನ್ನುತ್ತದೆ. ಆದರೆ ಕಛೇರಿ ಮುಗಿದ ಮೇಲೆ, "ನಾನು ಬಾಯಿ ಮುಚ್ಚೋವರೆಗೂ ತಾಳಮ್ಮ. ಹೆಂಗಸರಿಗೆ ಅಷ್ಟು ಆತುರ ಇರಬಾರದು" ಎಂದು ಎಲ್ಲರೆದುರು ಹೇಳುತ್ತಿದ್ದವರೂ ಅವರೇ. ಮಿಸ್ ಯಾಕೆ ಅವರನ್ನು ಬಿಟ್ಟುಬಿಡಲಿಲ್ಲ ಎಂದು ಕೇಳಿದ್ದೆ. "ಅವರು ಭೈರವಿ ಹಾಡ್ತಿದ್ರಲ್ಲ, ಅದರ ಪಕ್ಕ ಇನ್ನೆಲ್ಲಿ ಕೂರೋಕೆ ಸಿಗುತ್ತೆ?" ಅಂದರು. ಈ ಉತ್ತರಕ್ಕೂ ನನಗೆ ಸಿಟ್ಟೇ ಬಂದಿತ್ತು.

ಇಷ್ಟು ಕಛೇರಿಗಳಲ್ಲಿ ಒಂದೇ ಒಂದು ಪೂರ್ತಿಯಾಗಿ ಟೇಪಿನಲ್ಲಿ ಉಳಿದಿತ್ತು. ಶಿಡ್ಲಘಟ್ಟದ ರಾಮನವಮಿ ಪೆಂಡಾಲಿನಲ್ಲಿ ಆದದ್ದು. ರೇಷ್ಮೆ ನೂಲಿನ ವ್ಯಾಪಾರದ ಸಾಹೇಬರೊಬ್ಬರು ಪ್ರತಿ ವರ್ಷ ಬಂದು ಕೇಳುತ್ತಿದ್ದರು. ಆ ಸಲ ಹೊಸ ಟೇಪ್ ರೆಕಾರ್ಡರ್ ತಂದರು. ಮುಂದಿನ ಸಾಲಿನವರು ಜಾಗ ಕೊಡಲಿಲ್ಲ. ಕರೆಂಟಿನ ಪ್ಲಗ್ ಇದ್ದದ್ದು ವೇದಿಕೆಯ ಪಕ್ಕ, ಪಿಟೀಲು ಕೂರುವ ಕಡೆ. ಅಲ್ಲೇ ಮಿಸ್ ಪಕ್ಕದಲ್ಲಿ ಇಟ್ಟು ಗುಂಡಿ ಒತ್ತಿದವರು ಕ್ಯಾಸೆಟ್ ತಿರುಗಿಸಿ ಹಾಕುವುದಕ್ಕೆ ಬಿಟ್ಟರೆ ಮುಟ್ಟಲಿಲ್ಲ. ಮಾರನೇ ದಿನ ಅದರದೊಂದು ಪ್ರತಿಯನ್ನು ಚಿಂತಾಮಣಿಗೆ ತಂದುಕೊಟ್ಟರು.

"ನನ್ನ ಸರದೀಲಿ ನೀವ್ಯಾಕೆ ನಿಲ್ಲಿಸಲಿಲ್ಲ ಸಾಹೇಬ್ರೆ?" ಎಂದು ಮಿಸ್ ಕೇಳಿದರಂತೆ.

"ನೀವು ಹೇಳ್ತಾ ಇದ್ರಿ, ಟೀಚರಮ್ಮ. ಹೇಳ್ತಾ ಇರೋವಾಗ ಹೆಂಗೆ ನಿಲ್ಸೋದು? ನಮ್ಮ ಅಂಗಡೀಲಿ ಗಿರಾಕಿ ಮಾತಾಡ್ತಿದ್ರೆ ನಾವು ಶಟರ್ ಎಳೀತೀವಾ?" ಅಂದರಂತೆ ಸಾಹೇಬರು.

ಆ ಮಾತನ್ನು ಹೇಳುವಾಗ ಮಾತ್ರ ಮಿಸ್ ದನಿಯಲ್ಲಿ ಕೋಪವಿರುತ್ತಿರಲಿಲ್ಲ. ಸಾಹೇಬರು ಹೋಗಿ ಬಹಳ ವರ್ಷವಾಯಿತು. ಕ್ಯಾಸೆಟ್ ಮಿಸ್ ಬೀರುವಿನಲ್ಲಿ ರೇಷ್ಮೆ ಸೀರೆಗಳ ನಡುವೆ ಇರುತ್ತಿತ್ತು. ಹರಿದೀತೆಂದು ಯಾರಿಗೂ ಹಾಕಿ ಕೇಳಿಸುತ್ತಿರಲಿಲ್ಲ, ತಾವೂ ಕೇಳುತ್ತಿರಲಿಲ್ಲ.

ಕಳೆದ ವರ್ಷ ವಿದ್ವಾಂಸರ ಮಗ ಚಿಕ್ಕಬಳ್ಳಾಪುರದಿಂದ ಬಂದರು. ತಂದೆ ತೀರಿಕೊಂಡು ಬಹಳ ಕಾಲವಾಗಿತ್ತು. ಅವರು ಹುಟ್ಟಿ ನೂರು ವರ್ಷ ತುಂಬುವ ನೆಪದಲ್ಲಿ ಒಂದು ಸಂಗ್ರಹ ಹೊರತರುವುದು ಮಗನ ಯೋಜನೆ. ಪೆನ್‌ಡ್ರೈವ್ ಒಂದರಲ್ಲಿ ಎಲ್ಲ ರಾಗಗಳನ್ನೂ ತುಂಬಿಸಿ ಸಮಾರಂಭದಲ್ಲಿ ಕೊಡುವುದು. ಭೈರವಿ ಮೂರಿದ್ದವು, ಯಾವುದನ್ನು ಹಾಕಬೇಕೆಂದು ಗೊತ್ತಾಗದೆ ಮಿಸ್ ಹತ್ತಿರ ಬಂದಿದ್ದರು. "ಮೂರಕ್ಕೂ ನೀವೇ ನುಡಿಸಿರೋದು ಆಂಟಿ. ನೀವು ಹೇಳಿದ್ದೇ ಫೈನಲ್" ಅಂದರು. ಆ ದಿನ ನಾನೂ ಅಲ್ಲಿದ್ದೆ.

ಮಿಸ್ ಮೂರನ್ನೂ ಕೇಳಿದರು. ಕಣ್ಣು ಮುಚ್ಚಲಿಲ್ಲ, ತಲೆದೂಗಲಿಲ್ಲ. ಮುಗಿದ ಮೇಲೆ ಕೇಳಿದರು.

"ಇದರಲ್ಲಿ ನಾನೆಲ್ಲಿದೀನಪ್ಪ?"

"ಇದೀರಲ್ಲ ಆಂಟಿ, ಅಪ್ಪನ ಹಿಂದೆ."

"ಅವರ ಹಿಂದೆ ಇದೀನಿ. ಅವರಾದ ಮೇಲೆ ಇಲ್ಲವಲ್ಲ?"

ಮಗನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ನಾನು ಬಿಡಿಸಿ ಹೇಳಿದೆ. "ಓ, ಅದಾ? ಆಗಿನ ರೆಕಾರ್ಡಿಂಗೇ ಹಂಗೆ ಅಲ್ವಾ ಮೇಡಂ, ಏನು ಮಾಡೋಕಾಗುತ್ತೆ?" ಎಂದರು. ಮಿಸ್ ಎದ್ದು ಹೋಗಿ ಬೀರುವಿನಿಂದ ಸಾಹೇಬರ ಕ್ಯಾಸೆಟ್ ತಂದರು. ಅದನ್ನು ಅವರು ಮನೆಯಿಂದ ಹೊರಗೆ ಬಿಟ್ಟದ್ದು ಅದೇ ಮೊದಲು.

"ಭೈರವಿ ಅಂದ್ರೆ ಇದು. ಹಾಕೋದಾದ್ರೆ ಪೂರ್ತಿ ಹಾಕು. ಒಂದು ಚೂರು ತೆಗೆದ್ರೂ ನನಗೆ ಬೇಡ, ನನ್ನ ಹೆಸರೂ ಬೇಡ."

"ಆಗಲಿ ಆಂಟಿ. ನೀವು ಹೇಳಿದ ಮೇಲೆ ಇನ್ನೇನು?"

ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಇಳಿಸಿದ್ದು ನಾನು, ಕಾಲೇಜಿನ ಲ್ಯಾಬಿನಲ್ಲಿ. ಹಳೆಯ ಟೇಪು ಎಲ್ಲಿ ಸಿಕ್ಕಿಕೊಂಡು ಹರಿಯುತ್ತದೋ ಎಂಬ ಭಯದಲ್ಲಿ ಚಕ್ರಗಳನ್ನು ನೋಡುತ್ತ ಕುಳಿತಿದ್ದೆನೇ ಹೊರತು ಸಂಗೀತ ಕಿವಿಗೆ ಬೀಳಲಿಲ್ಲ. ಒಂದು ಪ್ರತಿ ಮಗನಿಗೆ ಕೊಟ್ಟೆ, ಒಂದು ನನ್ನಲ್ಲಿ ಉಳಿಯಿತು.

ಚಿಕ್ಕಬಳ್ಳಾಪುರದ ಸಮಾರಂಭಕ್ಕೆ ಮಿಸ್ ಬೀರುವಿನಲ್ಲಿದ್ದುದರಲ್ಲೆಲ್ಲ ಒಳ್ಳೆಯ ಸೀರೆ ಉಟ್ಟು ಬಂದಿದ್ದರು. ಮೊದಲ ಸಾಲಿನಲ್ಲಿ ಕೂರಿಸಿದರು. ಶಾಲು ಹೊದಿಸಿದರು, ಹಾರ ಹಾಕಿದರು, ಹಣ್ಣಿನ ಬುಟ್ಟಿ ಕೊಟ್ಟರು. ಭಾಷಣಗಳಾದ ಮೇಲೆ ಸಂಗ್ರಹದಿಂದ ಭೈರವಿ ಕೇಳಿಸುತ್ತೇವೆ ಎಂದು ಪ್ರಕಟಿಸಿದರು. ಮಿಸ್ ನನ್ನ ಕೈ ಹಿಡಿದುಕೊಂಡರು. ವಿದ್ವಾಂಸರ ಕಂಠ ದೊಡ್ಡ ಸ್ಪೀಕರುಗಳಲ್ಲಿ ತುಂಬಿಕೊಂಡು ಬಂತು. ರಾಗ ಏರಿತು, ಹರಡಿತು, ಇಳಿಯಿತು, ನಿಂತಿತು.

ಒಂದು ಉಸಿರು. ಕೃತಿ ಶುರುವಾಯಿತು.

ಮೊದಲಿನವರು ಗುಂಡಿ ಒತ್ತುವುದು ತಡವಾಗಿ ಒಂದು ಚೂರಾದರೂ ಉಳಿಯುತ್ತಿತ್ತು. ಕಂಪ್ಯೂಟರಿನಲ್ಲಿ ಕತ್ತರಿಸಿದವರು ಆ ಚೂರನ್ನೂ ಬಿಟ್ಟಿರಲಿಲ್ಲ.

ಮಿಸ್ ಎದ್ದು ನಿಂತರು. "ನಿಲ್ಲಿಸ್ರಿ ಅದನ್ನ" ಅಂದರು. ಸ್ಪೀಕರಿನ ಅಬ್ಬರದಲ್ಲಿ ಯಾರಿಗೂ ಕೇಳಿಸಲಿಲ್ಲ. ಮತ್ತೆ ಕೂಗಿದರು. ವಯಸ್ಸಾದವರು ಎದ್ದು ನಿಂತು ನಡುಗುತ್ತಿದ್ದರೆ ನಮ್ಮ ಜನಕ್ಕೆ ಗೊತ್ತಿರುವುದು ಒಂದೇ. ಒಬ್ಬರು ನೀರಿನ ಬಾಟಲಿ ಹಿಡಿದು ಓಡಿಬಂದರು, ಇನ್ನೊಬ್ಬರು ಆಹ್ವಾನ ಪತ್ರಿಕೆಯಿಂದ ಗಾಳಿ ಬೀಸಿದರು, ಮತ್ತೊಬ್ಬರು "ಶುಗರ್ ಇದೆಯಾ ಅಮ್ಮನಿಗೆ?" ಎಂದು ನನ್ನನ್ನು ಕೇಳಿದರು.

"ನನಗೇನೂ ಆಗಿಲ್ಲ. ಆಗಿರೋದು ನಿಮ್ಮ ಕಿವಿಗೆ" ಅಂದರು ಮಿಸ್. ಶಾಲನ್ನು ಕುರ್ಚಿಯ ಮೇಲೆ ಹಾಕಿ, ಹಣ್ಣಿನ ಬುಟ್ಟಿಯನ್ನು ಅಲ್ಲೇ ಬಿಟ್ಟು ನಡೆದರು. ಬಾಗಿಲ ಹತ್ತಿರ ಮಗ ಅಡ್ಡ ಬಂದು, "ಟೈಮ್ ಜಾಸ್ತಿ ಆಗ್ತಿತ್ತು ಆಂಟಿ. ಜನ ಕೂರಲ್ಲ. ಆದ್ರೂ ಕವರ್ ಮೇಲೆ ನಿಮ್ಮ ಹೆಸರು ದೊಡ್ಡದಾಗಿ ಹಾಕ್ಸಿದೀನಿ ನೋಡಿ" ಅಂದರು. ಅವರ ಕೆನ್ನೆಗೆ ಬಾರಿಸಬೇಕೆನ್ನಿಸಿತು ನನಗೆ. ಮಿಸ್ ಆ ಕವರನ್ನು ಮುಟ್ಟಲೂ ಇಲ್ಲ.

ಚಿಂತಾಮಣಿಯ ಬಸ್ಸಿನಲ್ಲಿ ಶಿಡ್ಲಘಟ್ಟ ದಾಟಿದ ಮೇಲೆ ಮಿಸ್, "ಪೂರ್ತಿ ಇರೋದು ನಿನ್ನ ಹತ್ರ ಇದೆಯಲ್ಲ? ಯೂಟ್ಯೂಬಿಗೆ ಹಾಕು. ಅದಕ್ಕೆ ಮುಂಚೆ ಒಂದ್ಸಲ ಕೂತು ಕೇಳಣ" ಅಂದರು.

ಮುಂದಿನ ಭಾನುವಾರ ಲ್ಯಾಪ್‌ಟಾಪ್ ತೆಗೆದುಕೊಂಡು ಹೋದೆ. ಇಬ್ಬರೂ ಹೆಡ್‌ಫೋನ್ ಹಾಕಿಕೊಂಡು ಕುಳಿತೆವು. ವಿದ್ವಾಂಸರ ದನಿ ಸ್ವಲ್ಪ ದೂರದಲ್ಲಿತ್ತು. ಅವರ ಸರದಿ ಮುಗಿದು ಪಿಟೀಲು ಬಂದಾಗ ಅದು ನನ್ನ ಮೈಮೇಲೇ ಬಂದ ಹಾಗಾಯಿತು. ಇಷ್ಟು ವರ್ಷ ಪಾಠದ ಮನೆಯಲ್ಲಿ ಕೇಳಿದ ಪಿಟೀಲು ಇದಾಗಿರಲಿಲ್ಲ. ಇಲ್ಲಿ ನುಡಿಸುತ್ತಿದ್ದವರು ಮೂವತ್ತರ ಹೆಂಗಸು. ಅವರಿಗೆ ಹೆದರಿಕೆಯೇ ಇರಲಿಲ್ಲ. ರಾಗ ಮೇಲಿನ ಷಡ್ಜಕ್ಕೆ ಹೋಗಿ ನಿಂತು ಇಳಿಯತೊಡಗಿತು. ಆಗ ಪಕ್ಕಕ್ಕೆ ಬಾಗಿ ಹೇಳಿದ ಹಾಗೆ ವಿದ್ವಾಂಸರ ತಗ್ಗಿದ ಮಾತು ಕೇಳಿಸಿತು.

"ಸಾಕು."

ಗದರಿದ್ದಲ್ಲ. ಎಲೆಯ ಮೇಲೆ ಕೈ ಅಡ್ಡ ಹಿಡಿದು, ಬಡಿಸಲು ಬಂದವರಿಗೆ ಹೇಳುವ ದನಿ ಅದು. ಅದರ ಬೆನ್ನಿಗೇ ಪಿಟೀಲು ಒಂದು ಸ್ವರ ತಪ್ಪಿತು. ಭೈರವಿಯಲ್ಲಿ ಧೈವತ ಎರಡು. ಏರುವಾಗ ಒಂದು, ಇಳಿಯುವಾಗ ಅದಕ್ಕಿಂತ ತಗ್ಗಿನದು ಇನ್ನೊಂದು. ಇಳಿಯುವ ದಾರಿಯಲ್ಲಿ ಮಿಸ್ ಬೆರಳು ಕ್ಷಣಹೊತ್ತು ಏರುವ ಧೈವತದ ಮೇಲೆ ಬಿದ್ದಿತ್ತು. ಆಮೇಲೆ ಪಿಟೀಲು ಸಾವರಿಸಿಕೊಂಡು ಮತ್ತೆ ಕೆಳಗಿನಿಂದ ಹೊರಟಿತು, ಬಹಳ ಹೊತ್ತು ನುಡಿಯಿತು.

ನಾನು ಹೆಡ್‌ಫೋನ್ ಕಿತ್ತೆ. ತಂದೆಯ ಆ ಮಾತು ಹೊರಗೆ ಬೀಳಬಾರದೆಂದೇ ವಿದ್ವಾಂಸರ ಮಗ ಕತ್ತರಿಸಿದರೆಂದು ಆಗ ಗೊತ್ತಾಯಿತು.

"ಕೇಳಿಸ್ತಾ?" ಎಂದರು ಮಿಸ್.

"ಕೇಳಿಸ್ತು ಮಿಸ್. ಸಾಕು ಅಂದ್ರು! ಅಷ್ಟು ಜನರ ಮುಂದೆ..."

"ಅದಲ್ಲ ಕಣೇ. ಧೈವತ. ನನ್ನ ಧೈವತ ಬಿತ್ತು." ಹೆಡ್‌ಫೋನ್ ತೆಗೆದಿಟ್ಟು ತಗ್ಗಿದ ದನಿಯಲ್ಲಿ, "ಅದೊಂದನ್ನ ತೆಗೀಬಹುದಾ ಕಂಪ್ಯೂಟರಲ್ಲಿ?" ಎಂದು ಕೇಳಿದರು.

ನನ್ನ ಕಿವಿಯನ್ನೇ ನಂಬಲಾಗಲಿಲ್ಲ.

"ಜೀವಮಾನವೆಲ್ಲ ಕತ್ತರಿಸೋರನ್ನ ಬೈದು ಈಗ ನೀವೇ ಕತ್ತರಿ ಕೇಳ್ತೀರಾ ಮಿಸ್?"

"ಅವರು ತೆಗೆದದ್ದು ನನ್ನನ್ನ. ನಾನು ತೆಗೀತಿರೋದು ನನ್ನ ತಪ್ಪನ್ನ. ಎರಡೂ ಒಂದೇನಾ?"

"ಅಲ್ಲಿ ತೆಗೆದ್ರೆ ಅವರ 'ಸಾಕು' ಕೂಡ ಹೋಗುತ್ತೆ. ಅವರು ಮಾಡಿದ್ದಕ್ಕೆ ನೀವೇ ಮುಸುಕು ಹಾಕಿದ ಹಾಗಾಗುತ್ತೆ."

"ಅವರ ಮಾತು ಕಟ್ಕೊಂಡು ನನಗೇನಾಗ್ಬೇಕು? ನಾನು ಕಲಿಸಿದ ಮಕ್ಕಳು ಕೇಳ್ತಾರೆ ಕಣೇ ಇದನ್ನ. ಧೈವತ ತಪ್ಪಿದ್ರೆ ಬೆರಳಿಗೆ ಹೊಡೀತಿದ್ದೋಳು ನಾನು. ಉಳಿದಿರೋದೇ ಇದೊಂದು. ಇದರಲ್ಲೂ ನಾನು ತಪ್ಪಿದೋಳಾಗೇ ಇರ್ಬೇಕಾ?"

"ನಾನು ತೆಗೆಯಲ್ಲ ಮಿಸ್."

"ನನ್ನ ಪಿಟೀಲು. ನಾನು ಹೇಳಿದ ಹಾಗೆ ಮಾಡು."

"ಮಾಡಲ್ಲ."

"ಹಾಗಾದ್ರೆ ಎದ್ದು ಹೋಗು."

ಎದ್ದು ಬಂದೆ. ನನಗೆ ಅವರ ಮೇಲೆ ಅಷ್ಟು ಸಿಟ್ಟು ಯಾವತ್ತೂ ಬಂದಿರಲಿಲ್ಲ. ಕೇಳುವುದನ್ನು ಕಲಿಸಿದವರೇ ಕಿವಿ ಮುಚ್ಚಿಕೋ ಅಂದರೆ ಹೇಗೆ? ಅವರು ಫೋನ್ ಮಾಡಲಿಲ್ಲ, ನಾನೂ ಮಾಡಲಿಲ್ಲ. ಹಲವು ಭಾನುವಾರಗಳು ಹಾಗೇ ಹೋದವು.

ಒಂದು ಬೆಳಿಗ್ಗೆ ತರಗತಿಗೆ ಹೋಗುವ ಹೊತ್ತಿಗೆ ಫೋನ್ ಬಂತು. ಏನೂ ಪೀಠಿಕೆಯಿಲ್ಲ.

"ಹಾಗೇ ಹಾಕು. ಧೈವತ ಇರ್ಲಿ."

ನನ್ನ ಸಿಟ್ಟು ಇನ್ನೂ ಆರಿರಲಿಲ್ಲ. "ಎಂದುಕು?" ಎಂದು ಅವರ ಹಾಗೇ ಕೇಳಿದೆ.

"ತಪ್ಪು ಹಿಡಿಯೋಕಾದ್ರೂ ಯಾರಾದ್ರೂ ಒಬ್ಬರು ಕೂತು ಕೇಳ್ತಾರಲ್ಲ, ಅದಕ್ಕೆ."

ಭಾನುವಾರ ಬರುತ್ತೇನೆ, ಪಕ್ಕದಲ್ಲಿ ಕೂತು ಹಾಕೋಣ ಅಂದೆ. "ಬಾ, ಅವರೆಕಾಳಿನ ಸಾರು ಮಾಡಿರ್ತೀನಿ" ಅಂದರು. ಶುಕ್ರವಾರ ಬೆಳಿಗ್ಗೆ ತಿಂಡಿಗೆ ಕುಳಿತವರು ಎದೆ ಹಿಡಿದುಕೊಂಡರಂತೆ. ಆಟೋ ಆಸ್ಪತ್ರೆ ಮುಟ್ಟುವುದರೊಳಗೆ ಹೋಗಿಬಿಟ್ಟಿದ್ದರು.

ನಡುಮನೆಯಲ್ಲಿ ಅವರನ್ನು ಮಲಗಿಸಿದ್ದಾಗ ವಿದ್ವಾಂಸರ ಮಗ ಹಾರ ತಂದರು. ಹಾರದ ಜೊತೆಗೆ ಒಂದು ಪುಟ್ಟ ಸ್ಪೀಕರ್. "ಆಂಟಿಗೆ ಅಪ್ಪನ ಭೈರವಿ ಅಂದ್ರೆ ಪ್ರಾಣ" ಎಂದು ಅವರ ತಲೆಯ ಹತ್ತಿರ ಇಟ್ಟು ಆನ್ ಮಾಡಿದರು. ಅದೇ ಸಂಗ್ರಹದ ಭೈರವಿ. ಕಂಠ ಏರಿತು, ಇಳಿಯಿತು, ನಿಂತಿತು, ಕೃತಿ ಶುರುವಾಯಿತು. ನಾನು ಹೋಗಿ ಸ್ಪೀಕರನ್ನು ಎತ್ತಿ ಬೀದಿಗೆ ಎಸೆದೆ. ಹಿಂದಿನಿಂದ ಯಾರೋ ಪಿಸುಗುಟ್ಟಿದ್ದು ಕೇಳಿಸಿತು: "ಇವರಿಗೂ ಕೋಪ ಜಾಸ್ತಿ." ಹೌದು, ಜಾಸ್ತಿ. ಆವತ್ತಿನಿಂದ ಇನ್ನೂ ಜಾಸ್ತಿ.

ಹೇಳಿದಂತೆ ಭಾನುವಾರವೇ ಯೂಟ್ಯೂಬಿಗೆ ಹಾಕಿದೆ, ಅವರದೇ ನಡುಮನೆಯಲ್ಲಿ ಒಬ್ಬಳೇ ಕುಳಿತು. ಭೈರವಿ, ಶಿಡ್ಲಘಟ್ಟದ ರಾಮನವಮಿ, ಹಾಡಿದವರ ಹೆಸರು, ಅದೇ ಸಾಲಿನಲ್ಲಿ ಅಷ್ಟೇ ದೊಡ್ಡ ಅಕ್ಷರದಲ್ಲಿ ಪಿಟೀಲು ನುಡಿಸಿದವರ ಹೆಸರು. ಮಾರನೇ ದಿನವೇ ಮಗ ಫೋನ್ ಮಾಡಿ ಲಾಯರ್, ನೋಟಿಸ್ ಎಂದೆಲ್ಲ ಕೂಗಾಡಿದರು. ಕಳಿಸಿ ಅಂದೆ. ಇನ್ನೂ ಬಂದಿಲ್ಲ.

ಜನ ಕೇಳತೊಡಗಿದರು. ಕೈ ಮುಗಿದ ಚಿತ್ರಗಳು, ಹೂವಿನ ಚಿತ್ರಗಳು, ವಿದ್ವಾಂಸರಿಗೆ ನಮಸ್ಕಾರಗಳು. ಧ್ವನಿ ದೂರ ಇದೆ, ಸರಿಪಡಿಸಿ ಎಂದು ಒಬ್ಬರ ಆಜ್ಞೆ. ಇನ್ನೊಬ್ಬ ಪುಣ್ಯಾತ್ಮ ಎಲ್ಲರಿಗೂ ಉಪಕಾರ ಮಾಡುವವನಂತೆ ಬರೆದಿದ್ದ: ಪಿಟೀಲು ಇಲ್ಲಿಂದ ಇಲ್ಲಿಯವರೆಗೆ ಇದೆ, ಬೇಡದವರು ದಾಟಿಸಿಕೊಂಡು ಹೋಗಿ. ನಿಮಿಷ, ಸೆಕೆಂಡು ಸಮೇತ ಕೊಟ್ಟಿದ್ದ. ಅದರ ಕೆಳಗೆ ಹಲವರು ಧನ್ಯವಾದ ಹೇಳಿದ್ದರು. ಸದ್ದಿಲ್ಲದ ಗುಂಡಿ ಒತ್ತುವ ಬೆರಳುಗಳು ಈಗ ಊರೂರಲ್ಲೂ ಇವೆ. ಅವರಿಗೆ ಹೇಳುವುದು ಯಾರು?

ಮೊನ್ನೆ ಒಂದು ಪ್ರಶ್ನೆ ಬಂತು. ಬರೆದವರು ಯಾರೋ ಗೊತ್ತಿಲ್ಲ, ಚಿತ್ರವಿಲ್ಲ, ಹೆಸರಿನ ಜಾಗದಲ್ಲಿ ಎರಡು ಅಕ್ಷರ. "ಪಿಟೀಲು ಇಳಿಯುವಾಗ ಒಂದು ಕಡೆ ಧೈವತ ತಪ್ಪಿದೆ. ಅದಕ್ಕೆ ಸ್ವಲ್ಪ ಮುಂಚೆ ಯಾರೋ ಏನೋ ಹೇಳುತ್ತಾರೆ. ನಾಲ್ಕೈದು ಸಲ ಕೇಳಿದೆ, ಸ್ಪಷ್ಟವಾಗಲಿಲ್ಲ. ಏನು ಹೇಳಿದರು?"

ಸ್ಟಾಫ್ ರೂಮಿನಲ್ಲಿ ಎಲ್ಲರೆದುರಿಗೆ ನನಗೆ ಅಳು ಬಂತು. ತಡೆಯಲು ಹೋಗಲಿಲ್ಲ. ಕಣ್ಣೊರೆಸಿಕೊಂಡು ಅಲ್ಲೇ ಉತ್ತರ ಬರೆದೆ.

"ಹಾಡಿದವರು ಸಾಕು ಅಂದರು. ಪಿಟೀಲು ನಿಲ್ಲಲಿಲ್ಲ. ಮುಂದೆ ಕೇಳಿ."